ಸತ್ತ ಮೇಲೂ ಬಡ್ತಿ

2000ನೇ ಇಸವಿಯ ಅಕ್ಟೋಬರ್‌ನಲ್ಲಿ ಡ್ಯಾರಿನ್ ಮಾರಿಸ್ ಎಂಬ ಅಮೆರಿಕದ ಬಾಕ್ಸರ್ ತೀರಿಕೊಂಡ. ಆಗ ವರ್ಲ್ಡ್ ಬಾಕ್ಸಿಂಗ್ ಆರ್ಗನೈಸೇಷನ್ ಎಂಬ ಸಂಸ್ಥೆಯ ಸೂಪರ್ ಮಿಡಲ್‌ವೇಟ್ ಪಟ್ಟಿಯಲ್ಲಿ ಅವನಿಗೆ ಏಳನೇ ಸ್ಥಾನ. ಮಣ್ಣು ಸೇರಿದ ಮೇಲೆ ಅವನ ಆಟ ಸುಧಾರಿಸಿತು. ಮೆಲ್ಲಮೆಲ್ಲನೆ ಮೇಲೇರಿ ಐದಕ್ಕೆ ಬಂದು ನಿಂತ. 2001ರಲ್ಲಿ ಯಾರೋ ಪುಣ್ಯಾತ್ಮರು ಸುದ್ದಿ ಮುಟ್ಟಿಸದಿದ್ದರೆ ಅವನು ಬೇಸಿಗೆಯ ಹೊತ್ತಿಗೆ ವಿಶ್ವ ಪ್ರಶಸ್ತಿಗೇ ಹಕ್ಕುದಾರನಾಗಿರುತ್ತಿದ್ದನೋ ಏನೋ.

ಈ ಸಂಸ್ಥೆಯನ್ನು ನೋಡಿ ಜಗತ್ತು ನಕ್ಕಿತು. ನನಗೆ ನಗು ಬರಲಿಲ್ಲ. ಸಾರ್ವಕಾಲಿಕ ಶ್ರೇಷ್ಠ ಹೆವಿವೇಟ್ ಬಾಕ್ಸರ್ ಯಾರು ಎಂದು ಪಟ್ಟಿ ಹಾಕುವ ನಾವೆಲ್ಲ ಮಾಡುತ್ತಿರುವುದು ಇದನ್ನೇ ಅಲ್ಲವೆ? ಜಾಕ್ ಡೆಂಪ್ಸಿ 1983ರಲ್ಲೇ ತೀರಿಕೊಂಡ. ಆದರೂ ಪ್ರತಿ ಹತ್ತು ವರ್ಷಕ್ಕೊಮ್ಮೆ ಎರಡು ಮೆಟ್ಟಿಲು ಕೆಳಗಿಳಿಯುತ್ತಿದ್ದಾನೆ. ಪಾಪ, ಈಚೆಗೆ ಅಭ್ಯಾಸ ಕಡಿಮೆಯಾಗಿರಬೇಕು.

ಪಟ್ಟಿ ಹಾಕುವ ಈ ಕಸುಬಿಗೂ ಒಬ್ಬ ಮೂಲಪುರುಷನಿದ್ದಾನೆ, ನ್ಯಾಟ್ ಫ್ಲೈಷರ್. 1922ರಲ್ಲಿ 'ದಿ ರಿಂಗ್' ಪತ್ರಿಕೆ ಹುಟ್ಟುಹಾಕಿ ಅರ್ಧ ಶತಮಾನ ನಡೆಸಿದವನು. ಬಾಕ್ಸಿಂಗಿನಲ್ಲಿ ಅವನ ಮಾತೆಂದರೆ ಊರ ಶಾನುಭೋಗರ ಲೆಕ್ಕ, ಎದುರಾಡುವಂತಿಲ್ಲ. ಅವನ ಪಟ್ಟಿಯಲ್ಲಿ ಮೊದಲು ಜಾಕ್ ಜಾನ್ಸನ್, ಆಮೇಲೆ ಜಿಮ್ ಜೆಫ್ರೀಸ್, ಮೂರನೆಯವನು ಬಾಬ್ ಫಿಟ್ಸಿಮನ್ಸ್. ಹನ್ನೆರಡು ವರ್ಷ ಚಾಂಪಿಯನ್ ಆಗಿದ್ದು 25 ಸಲ ಪಟ್ಟ ಉಳಿಸಿಕೊಂಡ ಜೋ ಲೂಯಿಸ್‌ಗೆ ಆರನೇ ಜಾಗ. ಒಂದೂ ಪಂದ್ಯ ಸೋಲದ ರಾಕಿ ಮಾರ್ಸಿಯಾನೊಗೆ ಹತ್ತನೇ ಜಾಗ, ಅದೂ ಪಂಕ್ತಿಯ ಕೊನೆಗೆ ಎಲೆ ಹಾಕಿ ಕೂರಿಸಿದ ಹಾಗೆ. ಮುಹಮ್ಮದ್ ಅಲಿ? 1972ರಲ್ಲಿ ಸಾಯುವವರೆಗೂ ಫ್ಲೈಷರ್‌ಗೆ ಅಲಿಯನ್ನು ಹತ್ತರೊಳಗೆ ಸೇರಿಸಲು ಮನಸ್ಸಾಗಲಿಲ್ಲ.

ಏನಿದರ ಮರ್ಮ ಎಂದು ತಲೆ ಕೆರೆದುಕೊಳ್ಳುವ ಮುನ್ನ ಅವನು ಹುಟ್ಟಿದ ವರ್ಷ ನೋಡಿ, 1887. ಜಾನ್ಸನ್ ಸಿಡ್ನಿಯಲ್ಲಿ ಟಾಮಿ ಬರ್ನ್ಸ್‌ನನ್ನು ಚಚ್ಚಿ ಚಾಂಪಿಯನ್ ಆದದ್ದು 1908ರ ಡಿಸೆಂಬರ್‌ನಲ್ಲಿ. ಫ್ಲೈಷರ್‌ಗೆ ಆಗ ಇಪ್ಪತ್ತೊಂದು. ಇಪ್ಪತ್ತೊಂದರಲ್ಲಿ ಉಂಡ ಹೋಳಿಗೆಗೆ ಮುಂದೆ ಯಾವ ಹೋಳಿಗೆಯೂ ಸಮ ಬರುವುದಿಲ್ಲ. ಕಾರಣ ಬೇಳೆಯೂ ಅಲ್ಲ, ಬೆಲ್ಲವೂ ಅಲ್ಲ. ಆಗ ನಮ್ಮ ಹಲ್ಲು ಗಟ್ಟಿಯಿತ್ತು, ಅಷ್ಟೇ. ಆಧಾರ್ ಕಾರ್ಡ್ ಬೇಡ, ಒಬ್ಬನ ಹೆವಿವೇಟ್ ಪಟ್ಟಿ ಕೊಡಿ, ಅವನ ಹುಟ್ಟಿದ ವರ್ಷವನ್ನು ನಾನು ಹೇಳುತ್ತೇನೆ. ನನ್ನ ಪಟ್ಟಿಯಲ್ಲಿ ಮೈಕ್ ಟೈಸನ್ ಮೊದಲ ಐದರೊಳಗಿದ್ದಾನೆ. 1988ರಲ್ಲಿ ಅವನು ಮೈಕಲ್ ಸ್ಪಿಂಕ್ಸ್‌ನನ್ನು 91 ಸೆಕೆಂಡಿನಲ್ಲಿ ಮಲಗಿಸಿದಾಗ ನನ್ನ ವಯಸ್ಸೆಷ್ಟಿತ್ತು ಎಂಬುದನ್ನು ನೀವೇ ಲೆಕ್ಕ ಹಾಕಿಕೊಳ್ಳಿ. ಎರಡು ವರ್ಷವೂ ತುಂಬುವ ಮೊದಲು ಟೋಕಿಯೊದಲ್ಲಿ, ಬಾಜಿ ಕಟ್ಟುವವರು ಒಂದಕ್ಕೆ ನಲವತ್ತೆರಡು ಕೊಡುತ್ತೇವೆ ಎಂದಿದ್ದ ಬಸ್ಟರ್ ಡಗ್ಲಸ್ ಇದೇ ಟೈಸನ್‌ನನ್ನು ಕೆಡವಿದನಲ್ಲ ಎಂದು ಯಾರಾದರೂ ಕೇಳಿದರೆ, ಅದು ಬೇರೆ ವಿಷಯ ಎನ್ನುತ್ತೇನೆ. ಯಾಕೆ ಬೇರೆ ಎಂದರೆ ಕಾಫಿ ತರಲು ಒಳಗೆ ಹೋಗುತ್ತೇನೆ.

ವಯಸ್ಸಿನ ಮೇಲೆ ನಡೆಯುವ ಈ ವ್ಯವಹಾರವನ್ನು ಒಪ್ಪದ ವಿಜ್ಞಾನಿಗಳೂ ಇದ್ದಾರೆ. ಅವರ ಕೈಯಲ್ಲಿ ದರ್ಜಿಯ ಟೇಪು. ಮಾರ್ಸಿಯಾನೊ ತೂಗುತ್ತಿದ್ದದ್ದು ಸುಮಾರು 84 ಕೆ.ಜಿ., ಡೆಂಪ್ಸಿಯೂ ಅಷ್ಟೇ. ಇಂದು 200 ಪೌಂಡ್, ಅಂದರೆ ಹತ್ತಿರ ಹತ್ತಿರ 91 ಕೆ.ಜಿ. ಮೀರದವನಿಗೆ ಹೆವಿವೇಟ್ ಬಾಗಿಲೇ ತೆರೆಯುವುದಿಲ್ಲ. ಪಕ್ಕದ ಕ್ರೂಸರ್‌ವೇಟ್ ಕೋಣೆಯಲ್ಲಿ ಕೂತಿರಬೇಕು. ಹೀಗಾಗಿ ಸಾರ್ವಕಾಲಿಕ ಶ್ರೇಷ್ಠ ಹೆವಿವೇಟ್‌ಗಳ ಪಟ್ಟಿಯಲ್ಲಿ ಹೆವಿವೇಟ್‌ಗಳೇ ಅಲ್ಲದವರು ಒಂದಿಷ್ಟು ಮಂದಿ ಇದ್ದಾರೆ. "ಮಾರ್ಸಿಯಾನೊನನ್ನು 206 ಸೆಂಟಿಮೀಟರ್ ಎತ್ತರದ ಟೈಸನ್ ಫ್ಯೂರಿಯ ಮುಂದೆ ನಿಲ್ಲಿಸಿ ನೋಡಿ" ಎಂದು ಟೇಪಿನವರು ಗೆದ್ದ ನಗೆ ನಗುತ್ತಾರೆ.

ಸರಿ, ಎತ್ತರವೇ ಅಳತೆಗೋಲಾದರೆ ಶ್ರೇಷ್ಠ ಬಾಕ್ಸರ್ ರಷ್ಯದ ನಿಕೊಲಾಯ್ ವಾಲುಯೆವ್ ಆಗಬೇಕು, 213 ಸೆಂಟಿಮೀಟರ್. ಅವನನ್ನು ಮೊದಲ ಹತ್ತರಲ್ಲಿಟ್ಟ ಮನುಷ್ಯನನ್ನು ನಾನಿನ್ನೂ ಕಂಡಿಲ್ಲ. 2009ರಲ್ಲಿ ತನಗಿಂತ ನಲವತ್ತೈದು ಕೆ.ಜಿ. ಹಗುರವಾದ ಡೇವಿಡ್ ಹೇ ಎಂಬುವನಿಗೆ ಅವನು ಪಟ್ಟ ಕೊಟ್ಟು ಹೋದ. 1919ರ ಜುಲೈ 4ರಂದು ಟೊಲಿಡೋದಲ್ಲಿ ಆ 84 ಕೆ.ಜಿ.ಯ ಡೆಂಪ್ಸಿ ತನಗಿಂತ ಅರ್ಧ ಗೇಣಿಗೂ ಹೆಚ್ಚು ಎತ್ತರದ ಜೆಸ್ ವಿಲ್ಲರ್ಡ್‌ನನ್ನು ಮೊದಲ ಸುತ್ತಿನಲ್ಲೇ ಏಳು ಸಲ ಕೆಡವಿದ್ದ. ಫ್ಯೂರಿಯ ಕಥೆಯೂ ಕೇಳಿ. 2024ರ ಮೇ ತಿಂಗಳಲ್ಲಿ ರಿಯಾದ್‌ನಲ್ಲಿ ಅವನನ್ನು ಸೋಲಿಸಿದ ಉಕ್ರೇನಿನ ಒಲೆಕ್ಸಾಂಡರ್ ಉಸಿಕ್ ಅವನಿಗಿಂತ ಸಾಕಷ್ಟು ಗಿಡ್ಡ ಆಳು, ಮೇಲಾಗಿ ಕ್ರೂಸರ್‌ವೇಟ್ ಕೋಣೆಯಿಂದಲೇ ಎದ್ದು ಬಂದವನು. ಅಂದಿನಿಂದ ಟೇಪಿನವರು ಟೇಪನ್ನು ಜೇಬಿನಲ್ಲಿಟ್ಟುಕೊಂಡು ತೋಳಿನ ಉದ್ದ, ಹೆಜ್ಜೆಯ ವೇಗ ಎಂದು ಏನೇನೋ ಗೊಣಗುತ್ತಿದ್ದಾರೆ.

ಇನ್ನು ಸೊನ್ನೆಯ ಭಕ್ತರು. 49 ಪಂದ್ಯ, 49 ಗೆಲುವು, ಸೋಲು ಸೊನ್ನೆ: ಮಾರ್ಸಿಯಾನೊ. ಗಣಿತದ ಮುಂದೆ ಜಗಳವೇನಿದೆ ಎಂಬುದು ಇವರ ವಾದ. ಆ ಸೊನ್ನೆಯೊಳಗೆ ಕೈ ಹಾಕಿ ನೋಡಿದರೆ ಸಿಗುವವರಲ್ಲಿ ಜೋ ಲೂಯಿಸ್‌ಗೆ 37 ವರ್ಷ, ಜೆರ್ಸಿ ಜೋ ವಾಲ್ಕಾಟ್‌ಗೆ 38, ಆರ್ಚಿ ಮೂರ್‌ಗೆ ನಲವತ್ತರ ಆಸುಪಾಸು. ವಾಲ್ಕಾಟ್ ಎದುರು 1952ರಲ್ಲಿ ಹನ್ನೆರಡು ಸುತ್ತು ಮುಗಿದಾಗ ಮೂವರು ತೀರ್ಪುಗಾರರ ಲೆಕ್ಕದಲ್ಲೂ ಮಾರ್ಸಿಯಾನೊ ಹಿಂದಿದ್ದ. ಹದಿಮೂರನೇ ಸುತ್ತಿನಲ್ಲಿ ಬಲಗೈಯ ಒಂದೇ ಗುದ್ದು, ವಾಲ್ಕಾಟ್ ಹಗ್ಗಕ್ಕೆ ಜೋತುಬಿದ್ದ. ಆ ಗುದ್ದು ನಾಲ್ಕು ಬೆರಳು ಆಚೆ ಬಿದ್ದಿದ್ದರೆ ಸೊನ್ನೆ ಇಲ್ಲ, ಸೊನ್ನೆಯ ಭಕ್ತರೂ ಇಲ್ಲ. ಈ ಹದಿಮೂರನೇ ಸುತ್ತನ್ನು ನೆನಪಿಟ್ಟುಕೊಳ್ಳಿ, ಮುಂದೆ ಕೆಲಸಕ್ಕೆ ಬರುತ್ತದೆ.

ಲ್ಯಾರಿ ಹೋಮ್ಸ್ 1985ರಲ್ಲಿ 48 ಗೆದ್ದು, ಇನ್ನೊಂದು ಗೆದ್ದರೆ ಮಾರ್ಸಿಯಾನೊಗೆ ಸಮ ಎನ್ನುವಲ್ಲಿ ಮೈಕಲ್ ಸ್ಪಿಂಕ್ಸ್‌ಗೆ ಸೋತ. ಸೋತ ಸಿಟ್ಟಿನಲ್ಲಿ, ಮಾರ್ಸಿಯಾನೊ ನನ್ನ ಒಳಚಡ್ಡಿ ಹೊರಲೂ ಲಾಯಕ್ಕಿಲ್ಲ ಎಂಬರ್ಥದ ಮಾತಾಡಿ, ಸಾರ್ವಜನಿಕರ ಪಟ್ಟಿಯಲ್ಲಿ ಒಂದೇ ರಾತ್ರಿಯಲ್ಲಿ ಆರೇಳು ಸ್ಥಾನ ಕಳೆದುಕೊಂಡ. ಹೋಮ್ಸ್‌ನ ಎಡಗೈಯ ಜ್ಯಾಬ್ ಹೆವಿವೇಟ್ ಚರಿತ್ರೆಯಲ್ಲೇ ಅಪರೂಪದ್ದು. ನಾಲಗೆಗೂ ಅಷ್ಟು ತರಬೇತಿ ಇದ್ದಿದ್ದರೆ!

ಸೊನ್ನೆ ಉಳಿಸಿಕೊಳ್ಳಲು ಇದಕ್ಕಿಂತ ಸುಲಭದ ಹಳೆಯ ಉಪಾಯವೊಂದಿತ್ತು. ಗುದ್ದುವವನು ಕಪ್ಪಗಿದ್ದರೆ ರಿಂಗಿಗೆ ಬಿಡಬಾರದು, ಮುಗಿಯಿತು. ಮಹಾಶೂರ ಜಾನ್ ಎಲ್. ಸುಲಿವನ್ ಬರಿಗೈಯಲ್ಲಿ 75 ಸುತ್ತು ಬಡಿದಾಡಬಲ್ಲವನಾಗಿದ್ದ, 1889ರಲ್ಲಿ ಬಡಿದಾಡಿಯೂ ಇದ್ದ. ಆದರೆ ಕಪ್ಪು ಬಾಕ್ಸರ್ ಪೀಟರ್ ಜಾಕ್ಸನ್ ಹೆಸರೆತ್ತಿದರೆ ಅವನಿಗೆ ಎಲ್ಲಿಲ್ಲದ ತತ್ತ್ವನಿಷ್ಠೆ ಬರುತ್ತಿತ್ತು. ಡೆಂಪ್ಸಿ ಏಳು ವರ್ಷ ಚಾಂಪಿಯನ್ ಆಗಿದ್ದ. ಎದುರಿಗೆ ಹ್ಯಾರಿ ವಿಲ್ಸ್ ವರ್ಷಗಟ್ಟಲೆ ಕಾದು ನಿಂತಿದ್ದ, ಪಂದ್ಯ ನಡೆಯಲೇ ಇಲ್ಲ. ಸ್ಯಾಮ್ ಲ್ಯಾಂಗ್‌ಫರ್ಡ್ ಎಂಬ ಕುಳ್ಳನನ್ನು ನೋಡಿದರೆ ಬಿಳಿಯ ಚಾಂಪಿಯನ್‌ಗಳಿಗೆಲ್ಲ ಒಟ್ಟಿಗೇ ನೆಗಡಿಯಾಗುತ್ತಿತ್ತು. ಜಾಕ್ ಜಾನ್ಸನ್ ಚಾಂಪಿಯನ್ ಆದ ಮೇಲಾದರೂ ಒಂದು ಅವಕಾಶ ಕೊಟ್ಟನೇ ಎಂದರೆ, ಇಲ್ಲ, ಅವನೂ ಜಾಣನೇ. 1906ರಲ್ಲಿ ಒಮ್ಮೆ ಸೋಲಿಸಿದ್ದೇನಲ್ಲ, ಸಾಕು ಎಂದ. ಲ್ಯಾಂಗ್‌ಫರ್ಡ್ ಎಂದೂ ಹೆವಿವೇಟ್ ವಿಶ್ವ ಪ್ರಶಸ್ತಿಗೆ ಆಡಲಿಲ್ಲ. 1944ರಲ್ಲಿ ಒಬ್ಬ ಪತ್ರಕರ್ತ ಹುಡುಕಿಕೊಂಡು ಹೋದಾಗ ಅವನು ಹಾರ್ಲೆಮ್ಮಿನ ಒಂದು ಕೋಣೆಯಲ್ಲಿ ಕಣ್ಣು ಕಳೆದುಕೊಂಡು, ಕಾಸಿಲ್ಲದೆ ಕೂತಿದ್ದ. ಫ್ಲೈಷರ್ ತನ್ನ ಪಟ್ಟಿಯಲ್ಲಿ ಅವನಿಗೆ ಏಳನೇ ಸ್ಥಾನ ಕೊಟ್ಟ. ಪರೀಕ್ಷೆಗೆ ಕೂರಲು ಬಿಡದೆ ಹೊರಗಟ್ಟಿದ ಹುಡುಗನಿಗೆ ಕರುಣೆಯ ಏಳನೇ ರ‍್ಯಾಂಕು.

ಈಗಿನ ಸಂಸ್ಥೆಗಳು ಇಷ್ಟು ಒರಟಲ್ಲ. ಡಬ್ಲ್ಯುಬಿಎ, ಡಬ್ಲ್ಯುಬಿಸಿ, ಐಬಿಎಫ್, ಡಬ್ಲ್ಯುಬಿಒ ಎಂಬ ನಾಲ್ಕು ಮಠಗಳು, ನಾಲ್ಕು ಬೆಲ್ಟು, ನಾಲ್ವರು ಜಗದ್ಗುರುಗಳು. ಕೆಲವು ಮಠಗಳಲ್ಲಿ ಒಂದೇ ತೂಕಕ್ಕೆ ಸೂಪರ್ ಚಾಂಪಿಯನ್, ಬರೀ ಚಾಂಪಿಯನ್, ಹಂಗಾಮಿ ಚಾಂಪಿಯನ್ ಎಂದು ಪೀಠದ ಪಕ್ಕದಲ್ಲಿ ಇನ್ನಷ್ಟು ಮರಿಪೀಠಗಳು. 1999ರಲ್ಲಿ ಲೆನಾಕ್ಸ್ ಲೂಯಿಸ್ ನಿರ್ವಿವಾದ ಚಾಂಪಿಯನ್ ಆದ ಮೇಲೆ ಹೆವಿವೇಟ್‌ನಲ್ಲಿ ಮುಂದಿನ ನಿರ್ವಿವಾದ ಗೆಲುವಿಗೆ 2024ರ ಉಸಿಕ್‌ವರೆಗೆ ಕಾಯಬೇಕಾಯಿತು. ಇದೇ 1999ರಲ್ಲಿ ಐಬಿಎಫ್‌ನ ಸ್ಥಾಪಕನ ಮೇಲೆ ರ‍್ಯಾಂಕು ಕೊಡಲು ಲಂಚ ತಿಂದ ಮೊಕದ್ದಮೆ ಹೂಡಿದರು. ಲಂಚದ ಆರೋಪ ನಿಲ್ಲಲಿಲ್ಲ, ತೆರಿಗೆ ತಪ್ಪಿಸಿದ್ದು, ಹಣ ಬಿಳಿ ಮಾಡಿದ್ದು ನಿಂತಿತು, ಆಸಾಮಿ ಜೈಲಿಗೆ ಹೋದ. ಫ್ಲೈಷರ್‌ನ ಪವಿತ್ರ 'ರಿಂಗ್' ಪತ್ರಿಕೆಯೂ ಅವನು ಸತ್ತ ಐದು ವರ್ಷಕ್ಕೆ, 1977ರಲ್ಲಿ, ಕೆಲವರ ಖಾತೆಗೆ ನಡೆಯದೇ ಇದ್ದ ಪಂದ್ಯಗಳ ಗೆಲುವು ಬರೆದು ಸಿಕ್ಕಿಬಿದ್ದಿತ್ತು. ನಮ್ಮ ಕಡೆ ಆಗದ ರಸ್ತೆಗೆ ಬಿಲ್ಲು ಬರೆಯುವವರಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣದು.

ಹಾಗಾದರೆ ಮನುಷ್ಯರನ್ನೇ ಬಿಟ್ಟು ಯಂತ್ರವನ್ನು ಕೇಳೋಣ ಎಂದವನೊಬ್ಬನಿದ್ದ. ಮಯಾಮಿಯ ಮರೆ ವೊರೊನರ್, ರೇಡಿಯೋ ಕಾರ್ಯಕ್ರಮಗಳ ವ್ಯಾಪಾರಿ. 1967ರಲ್ಲಿ ಅವನು ಎಲ್ಲ ಕಾಲದ ಹದಿನಾರು ಚಾಂಪಿಯನ್‌ಗಳನ್ನು ಎನ್‌ಸಿಆರ್ 315 ಎಂಬ ಬೀರುವಿನಂಥ ಕಂಪ್ಯೂಟರಿನೊಳಗೆ ಇಳಿಸಿ ಬಡಿದಾಡಿಸಿದ. ಪ್ರತಿ ಪಂದ್ಯವನ್ನೂ ರೇಡಿಯೋದಲ್ಲಿ ನಿಜವೇ ನಡೆಯುತ್ತಿದೆ ಎಂಬಂತೆ ಉಸಿರು ಬಿಗಿಹಿಡಿದು ವಿವರಿಸಿದರು. ಅಲಿ ಎರಡನೇ ಹಂತದಲ್ಲೇ ಹೊರಬಿದ್ದ. ಯಾರ ಕೈಯಲ್ಲಿ? 1875ರಲ್ಲಿ ಹುಟ್ಟಿದ, ಆಗಲೇ ಸತ್ತು ಹದಿನಾಲ್ಕು ವರ್ಷವಾಗಿದ್ದ ಜಿಮ್ ಜೆಫ್ರೀಸ್ ಕೈಯಲ್ಲಿ. ಅಂತಿಮ ಪಂದ್ಯದಲ್ಲಿ ಮಾರ್ಸಿಯಾನೊ ಡೆಂಪ್ಸಿಯನ್ನು ಸೋಲಿಸಿದ.

ಜೀವಂತ ಅಲಿ ಸುಮ್ಮನಿರುತ್ತಾನೆಯೆ? ಮಾನನಷ್ಟವೆಂದು ಹತ್ತು ಲಕ್ಷ ಡಾಲರಿಗೆ ದಾವೆ ಹೂಡಿದ. ರಿಂಗಿನೊಳಗೆ ಆ ಹೊತ್ತಿಗೆ ಯಾರೂ ಮಾಡಲಾಗದ ಹಾನಿಯನ್ನು ಒಂದು ಬೀರು ಮಾಡಿತ್ತು. ವಿಯೆಟ್ನಾಂ ಯುದ್ಧಕ್ಕೆ ಹೋಗಲಾರೆ ಎಂದದ್ದಕ್ಕೆ 1967ರಲ್ಲೇ ಅವನ ಪಟ್ಟ ಕಿತ್ತುಕೊಂಡು, ಆಡುವ ಪರವಾನಗಿಯನ್ನೂ ರದ್ದು ಮಾಡಿದ್ದರು. ಕೈಯಲ್ಲಿ ಕಾಸಿರಲಿಲ್ಲ. ವೊರೊನರ್ ಒಂದು ರಾಜಿ ಸೂತ್ರ ತಂದ. ದಾವೆ ಬಿಡು, ಸುಮಾರು ಹತ್ತು ಸಾವಿರ ಡಾಲರು ತಗೊ, ಮಾರ್ಸಿಯಾನೊ ಜೊತೆ ಸಿನಿಮಾ ಮಾಡು, ಗೆಲ್ಲುವವರು ಯಾರೆಂದು ಕಂಪ್ಯೂಟರ್ ಹೇಳುತ್ತದೆ.

1969ರ ಬೇಸಿಗೆ, ಮಯಾಮಿಯ ಒಂದು ಸ್ಟುಡಿಯೋ, ಹೊರಗಿನವರಿಗೆ ಪ್ರವೇಶವಿಲ್ಲ. ಮಾರ್ಸಿಯಾನೊಗೆ 45 ವರ್ಷ, ರಿಂಗು ಬಿಟ್ಟು ಹದಿಮೂರು ವರ್ಷ. ಇಪ್ಪತ್ತು ಕೆ.ಜಿ.ಗೂ ಹೆಚ್ಚು ಇಳಿಸಿಕೊಂಡು, ಬೋಳುತಲೆಗೆ ಟೋಪನ್ ಹಾಕಿಕೊಂಡು ಬಂದ. ಅಲಿಗೆ 27, ಹೊಟ್ಟೆ ಸ್ವಲ್ಪ ಮುಂದೆ. ಇಬ್ಬರೂ ಒಂದೊಂದು ನಿಮಿಷದ ಎಪ್ಪತ್ತು ಚಿಲ್ಲರೆ ಸುತ್ತು ಮೆಲ್ಲನೆ ಗುದ್ದಾಡಿದರು. ಅಲಿಯ ಕೈ ಆಗೀಗ ಟೋಪನ್ನಿಗೆ ತಗುಲಿ ಅದು ಹಾರಿಹೋಗುತ್ತಿತ್ತು, ಕ್ಯಾಮೆರಾ ನಿಲ್ಲಿಸಿ ಮತ್ತೆ ಅಂಟಿಸಬೇಕಿತ್ತು. ಗಾಯ ಬೇಕಾದಲ್ಲಿ ಟೊಮ್ಯಾಟೊ ಕೆಚಪ್ ಬಳಿದರು. ಇವನು ಗೆದ್ದಂತೆ, ಅವನು ಗೆದ್ದಂತೆ ಎಂದು ಬಗೆಬಗೆಯ ಮುಕ್ತಾಯ ಚಿತ್ರಿಸಿಕೊಂಡರು. ಯಾವುದು ನಿಜವಾದ ಮುಕ್ತಾಯ ಎಂದು ಇಬ್ಬರಿಗೂ ಹೇಳಲಿಲ್ಲ.

ಕಂಪ್ಯೂಟರಿಗೆ ಊಡಿದ್ದಾದರೂ ಏನು? ಪಂಡಿತರನ್ನು ಕೇಳಿ ಬರೆದುಕೊಂಡ ಅಂಕಗಳು. ಇವನ ವೇಗಕ್ಕೆ ಎಷ್ಟು, ಅವನ ಗುದ್ದಿಗೆ ಎಷ್ಟು, ಧೈರ್ಯಕ್ಕೆ ಎಷ್ಟು. ಗಿರಣಿಗೆ ರಾಗಿ ಸುರಿದರೆ ರಾಗಿ ಹಿಟ್ಟೇ ಬರುತ್ತದೆ, ಗಿರಣಿ ಅಮೆರಿಕದ್ದಾದರೂ. ಫ್ಲೈಷರನ ಓರಗೆಯವರ ಅಭಿಪ್ರಾಯ ಹಿಂದಿನಿಂದ ಒಳಹೋಗಿ, ಮುಂದಿನಿಂದ ವಿಜ್ಞಾನವಾಗಿ ಹೊರಬಂತು.

1970ರ ಜನವರಿ 20ರ ರಾತ್ರಿ ಅಮೆರಿಕದ ನೂರಾರು ಚಿತ್ರಮಂದಿರಗಳಲ್ಲಿ ಅದನ್ನು ತೋರಿಸಿದರು. ಮಾರ್ಸಿಯಾನೊ ಗೆದ್ದ, ನಾಕೌಟ್, ಹದಿಮೂರನೇ ಸುತ್ತಿನಲ್ಲಿ. ವಾಲ್ಕಾಟ್‌ನನ್ನು ಮಲಗಿಸಿದ್ದು ಎಷ್ಟನೇ ಸುತ್ತಿನಲ್ಲಿ ಎಂಬುದು ಬೀರುವಿಗೂ ಗೊತ್ತಿತ್ತು ನೋಡಿ. ಅದೇ ಸಿನಿಮಾ ಯುರೋಪಿಗೆ ಹೋದಾಗ ಅಲ್ಲಿ ಅಲಿ ಗೆದ್ದ. ಸಮುದ್ರ ದಾಟುವಾಗ ಕಂಪ್ಯೂಟರಿಗೆ ಮನಃಪರಿವರ್ತನೆಯಾಗಿತ್ತು. ಆ ಯಂತ್ರ ಅಲಬಾಮಾದಲ್ಲಿ ತಯಾರಾದದ್ದಿರಬೇಕು ಎಂದು ಅಲಿ ಅಂದನಂತೆ. ಕರಿಯರಿಗೆ ಬಸ್ಸಿನಲ್ಲಿ ಮುಂದಿನ ಸೀಟು ಕೊಡದಿದ್ದ ರಾಜ್ಯ ಅದು. ಮಾರ್ಸಿಯಾನೊ ಮಾತ್ರ ಏನೂ ಅನ್ನಲಿಲ್ಲ. ಚಿತ್ರೀಕರಣ ಮುಗಿದ ಕೆಲವೇ ವಾರದಲ್ಲಿ, 1969ರ ಆಗಸ್ಟ್ 31ರಂದು, ನಲವತ್ತಾರನೇ ಹುಟ್ಟುಹಬ್ಬಕ್ಕೆ ಒಂದು ದಿನ ಮುಂಚೆ ಅವನು ವಿಮಾನ ಅಪಘಾತದಲ್ಲಿ ಸತ್ತಿದ್ದ. ತಾನು ಅಲಿಯನ್ನು ಸೋಲಿಸಿದ್ದು ಅವನಿಗೆ ತಿಳಿಯಲೇ ಇಲ್ಲ. ಯುರೋಪಿನಲ್ಲಿ ಸೋತದ್ದೂ ತಿಳಿಯಲಿಲ್ಲ, ಅಷ್ಟರ ಮಟ್ಟಿಗೆ ಸಮಾಧಾನ.

ಯಂತ್ರವೂ ಬೇಡ, ಯಾರನ್ನು ಯಾರು ಸೋಲಿಸಿದರು ಎಂಬುದನ್ನೇ ಹಿಡಿದು ಹೋಗೋಣ ಎನ್ನುವವರಿಗೆ ನಮ್ಮ ಹರಿಕಥೆ ದಾಸರು ಹೇಳುವ ಕಥೆಯೊಂದು ಅನುಕೂಲವಾಗಿದೆ. ಭೀಮ, ದುರ್ಯೋಧನ, ಜರಾಸಂಧ, ಕೀಚಕ, ಬಕ ಐವರೂ ಒಂದೇ ನಕ್ಷತ್ರದಲ್ಲಿ ಹುಟ್ಟಿದವರು. ಯಾರು ಮೊದಲು ಒಬ್ಬನನ್ನು ಕೊಲ್ಲುತ್ತಾನೋ ಉಳಿದವರೂ ಅವನ ಕೈಯಲ್ಲೇ ಸಾಯುವುದು ವಿಧಿ. ಎಂಥ ಅಚ್ಚುಕಟ್ಟಾದ ರ‍್ಯಾಂಕಿಂಗ್! ಬಕ ಸತ್ತ ದಿನವೇ ಪಟ್ಟಿ ಪ್ರಕಟಿಸಿ ಮನೆಗೆ ಹೋಗಬಹುದು. ಆದರೆ ಎಪ್ಪತ್ತರ ದಶಕದ ಹೆವಿವೇಟ್‌ಗಳು ಹರಿಕಥೆ ಕೇಳಿದವರಲ್ಲ. 1971ರಲ್ಲಿ ಜೋ ಫ್ರೇಜಿಯರ್ ಅಲಿಯನ್ನು ಸೋಲಿಸಿದ. 1973ರಲ್ಲಿ ಜಾರ್ಜ್ ಫೋರ್ಮನ್ ಅದೇ ಫ್ರೇಜಿಯರ್‌ನನ್ನು ಎರಡೇ ಸುತ್ತಿನಲ್ಲಿ ಆರು ಸಲ ಕೆಡವಿದ. ಅಲಿಯ ದವಡೆ ಮುರಿದ ಕೆನ್ ನಾರ್ಟನ್‌ನನ್ನೂ ಅವನು ಎರಡೇ ಸುತ್ತಿನಲ್ಲಿ ಮುಗಿಸಿದ. ಲೆಕ್ಕದ ಪ್ರಕಾರ 1974ರ ಅಕ್ಟೋಬರ್ 30ರಂದು ಕಿನ್ಶಾಸಾದಲ್ಲಿ ಅಲಿಯ ಹೆಣ ಬೀಳಬೇಕಿತ್ತು. ಎಂಟನೇ ಸುತ್ತಿನಲ್ಲಿ ಬಿದ್ದವನು ಫೋರ್ಮನ್. ಪಟ್ಟಿ ಹಾಕಲು ಹೊರಟವನ ಕೈಗೆ ಸಿಕ್ಕಿದ್ದು ಗಾಣ. ಎತ್ತು ಸುತ್ತುತ್ತದೆ, ಯಾರು ಮುಂದೆ ಯಾರು ಹಿಂದೆ ಎಂದು ಹೇಗೆ ಹೇಳುವುದು?

ಬೇರೆ ಬೇರೆ ಕಾಲದವರು ಒಂದೇ ರಿಂಗಿನಲ್ಲಿ ಎದುರಾಗುವಂತಿದ್ದರೆ, ಆ ಕಾಲಯಂತ್ರ ಒಂದಿದ್ದರೆ ಎಂದು ಜನ ಹಲುಬುತ್ತಾರೆ. ಕಾಲಯಂತ್ರ ಇದೆ ಸ್ವಾಮಿ. ಅದು ದುಡ್ಡಿನಿಂದ ಓಡುತ್ತದೆ. 2024ರ ನವೆಂಬರ್‌ನಲ್ಲಿ 58ರ ಟೈಸನ್‌ನನ್ನು 27ರ ಜೇಕ್ ಪಾಲ್ ಎದುರು ಟೆಕ್ಸಸ್‌ನಲ್ಲಿ ನಿಲ್ಲಿಸಿದ್ದು ಅದೇ ಯಂತ್ರ. 1988ರಲ್ಲಿ 38ರ ಹೋಮ್ಸ್‌ನನ್ನು ಮನೆಯಿಂದ ಎಬ್ಬಿಸಿ ತಂದು 21ರ ಟೈಸನ್‌ಗೆ ಒಪ್ಪಿಸಿದ್ದೂ ಅದೇ, ನಾಲ್ಕನೇ ಸುತ್ತಿಗೆ ಮುಗಿಯಿತು. 1980ರಲ್ಲಿ ನಿವೃತ್ತಿಯಿಂದೆದ್ದು ಬಂದ 38ರ ಅಲಿಯನ್ನು ಲಾಸ್ ವೇಗಸ್‌ನಲ್ಲಿ ಹತ್ತು ಸುತ್ತು ಬಡಿದವನು ಇದೇ ಹೋಮ್ಸ್. ಒಂದು ಕಾಲದಲ್ಲಿ ಅಲಿಯ ಜೊತೆ ಅಭ್ಯಾಸಕ್ಕೆ ನಿಲ್ಲುತ್ತಿದ್ದ ಹುಡುಗ ಅವನು. ನಡುನಡುವೆ ಪಂದ್ಯ ನಿಲ್ಲಿಸಿ ಎಂಬಂತೆ ರೆಫ್ರಿಯ ಮುಖ ನೋಡುತ್ತಿದ್ದ, ಗೆದ್ದ ಮೇಲೆ ಅತ್ತ. ಇದು ಯಾವ ಪಟ್ಟಿಯಲ್ಲೂ ಹೋಮ್ಸ್‌ನ ಅಂಕವಾಗಿ ಸೇರಿಲ್ಲ.

ಇನ್ನೂ ಹಿಂದೆ ಹೋದರೆ 1951ರ ಅಕ್ಟೋಬರ್ 26, ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್. ಜೋ ಲೂಯಿಸ್ ಎರಡೂವರೆ ವರ್ಷದ ಹಿಂದೆಯೇ ಚಾಂಪಿಯನ್ ಆಗಿಯೇ ನಿವೃತ್ತನಾಗಿದ್ದ. ಯುದ್ಧದ ಕಾಲದಲ್ಲಿ ಎರಡು ಪಂದ್ಯಗಳ ಸಂಭಾವನೆಯನ್ನು ನೌಕಾಪಡೆ ಮತ್ತು ಸೇನೆಯ ಪರಿಹಾರ ನಿಧಿಗಳಿಗೆ ಕೊಟ್ಟಿದ್ದ. ಕೊಟ್ಟರೇನಂತೆ, ಗಳಿಸಿದ್ದು ಗಳಿಸಿದ್ದೇ ಎಂದು ತೆರಿಗೆ ಇಲಾಖೆ ಅದಕ್ಕೂ ಲೆಕ್ಕ ಹಾಕಿತು. ಬಡ್ಡಿ, ದಂಡ ಸೇರಿ ಬಾಕಿ ಐದು ಲಕ್ಷ ಡಾಲರು ಮೀರಿತ್ತು. ಹಾಗಾಗಿ ಲೂಯಿಸ್ ಮತ್ತೆ ಕೈಗವಸು ತೊಟ್ಟಿದ್ದ. ಅಂದು ಅವನಿಗೆ 37. ಎದುರಿಗೆ 28ರ ಮಾರ್ಸಿಯಾನೊ, ಹುಡುಗನಾಗಿದ್ದಾಗ ಲೂಯಿಸ್‌ನನ್ನೇ ದೇವರೆಂದುಕೊಂಡವನು. ಎಂಟನೇ ಸುತ್ತಿನಲ್ಲಿ ಲೂಯಿಸ್ ಹಗ್ಗಗಳ ನಡುವಿನಿಂದ ಅರ್ಧ ಹೊರಗೆ ಬಿದ್ದ. ಅಂದು ಕೆಚಪ್ ಇರಲಿಲ್ಲ. ಆಮೇಲೆ ಬಟ್ಟೆ ಬದಲಿಸುವ ಕೋಣೆಯಲ್ಲಿ ಮಾರ್ಸಿಯಾನೊ ಅತ್ತ.

ಲೂಯಿಸ್ ಮತ್ತೆ ಬಾಕ್ಸಿಂಗ್‌ಗೆ ಇಳಿಯಲಿಲ್ಲ. ಸಾಲ ತೀರಲಿಲ್ಲ. 1956ರಲ್ಲಿ ಮೊದಲೇ ನಿಶ್ಚಯವಾದ ಸೋಲು ಗೆಲುವುಗಳ ಕುಸ್ತಿ ಆಡಿದ. ಕೊನೆಗಾಲದಲ್ಲಿ ಲಾಸ್ ವೇಗಸ್‌ನ ಸೀಸರ್ಸ್ ಪ್ಯಾಲೆಸ್ ಜೂಜುಕಟ್ಟೆಯಲ್ಲಿ ಬಾಗಿಲ ಬಳಿ ನಿಂತು ಬಂದವರ ಕೈ ಕುಲುಕುವ ನೌಕರಿ ಸಿಕ್ಕಿತು. ಕೈ ಕುಲುಕಿದವರು ಅವನನ್ನು ಏನು ಕೇಳಿರುತ್ತಾರೆಂದು ನಾನು ಬಾಜಿ ಕಟ್ಟಬಲ್ಲೆ: "ಜೋ, ನೀನೂ ಅಲಿಯೂ ಆಡಿದ್ದರೆ?"